ಪೂಲ್ ಕ್ಯೂಗೆ ಹೊಂದುವ ಶಾಫ್ಟ್ ಆರಿಸುವ ಬಗೆ

ಪೂಲ್ ಆಡುವ ಕೋಲಾದ ಕ್ಯೂವಿನ ಮುಂದಿನ ಅರ್ಧವೇ ಶಾಫ್ಟ್. ಅದನ್ನು ಕೊಳ್ಳುವ ಮುನ್ನ ನಿಮ್ಮ ಕ್ಯೂ ಬಿಚ್ಚಿ, ಎರಡೂ ಅರ್ಧಗಳನ್ನು ಜೋಡಿಸುವ ತಿರುಪಾದ ಪಿನ್ನಿನ ದಪ್ಪವನ್ನೂ ಥ್ರೆಡ್ಡನ್ನೂ ನೋಡಿಕೊಳ್ಳಬೇಕು. ಅಂಗುಲಕ್ಕೆ 10 ಥ್ರೆಡ್ ಇರುವ ಪಿನ್ನಿಗೆ 18ರ ಶಾಫ್ಟ್ ಕೂರುವುದೇ ಇಲ್ಲ.

ತುದಿಯ ವ್ಯಾಸ ಸಾಮಾನ್ಯವಾಗಿ 11.75ರಿಂದ 13 ಮಿಲಿಮೀಟರಿನವರೆಗೆ ಇರುತ್ತದೆ. ಕಲಿಯುವವರಿಗೆ 13 ಸಾಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತೆಳು ತುದಿ ಕೈಯ ಸಣ್ಣ ತಪ್ಪನ್ನೂ ಮುಚ್ಚಿಡುವುದಿಲ್ಲ. ಬಿಳಿ ಚೆಂಡಿನ ಪಕ್ಕಕ್ಕೆ ಹೊಡೆದಾಗ ಅದು ಗುರಿಯ ಗೆರೆಯಿಂದ ಸರಿಯುವುದಕ್ಕೆ ಶಾಫ್ಟಿನ ತುದಿಭಾಗದ ತೂಕ ಮುಖ್ಯ ಕಾರಣವಾದ್ದರಿಂದ, ಲೋ ಡಿಫ್ಲೆಕ್ಷನ್ ಶಾಫ್ಟುಗಳಲ್ಲಿ ಆ ಭಾಗವನ್ನು ಹಗುರಗೊಳಿಸಿರುತ್ತಾರೆ. ಇಂಥದ್ದಕ್ಕೆ ಬದಲಾದರೆ, ಹಳೆಯ ಶಾಫ್ಟಿಗೆ ಒಗ್ಗಿದ ಕಣ್ಣು ಮತ್ತೆ ಗುರಿ ಕಲಿಯಬೇಕಾಗುತ್ತದೆ.

ಕಾರ್ಬನ್ ಫೈಬರ್ ತೇವಕ್ಕೆ ಬಾಗದು, ಆದರೆ ದುಬಾರಿ. ಮೇಪಲ್ ಮರದ ಶಾಫ್ಟ್ ಆದರೆ ಸಮತಟ್ಟಾದ ಟೇಬಲ್ಲಿನ ಮೇಲೆ ನಿಧಾನವಾಗಿ ಉರುಳಿಸಿ ನೋಡಿ: ಅಡಿಯಲ್ಲಿ ಕಾಣುವ ಬೆಳಕಿನ ಸಂದು ಒಮ್ಮೆ ಅಗಲವಾಗಿ ಒಮ್ಮೆ ಕಿರಿದಾಗುತ್ತಿದ್ದರೆ, ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.