ಅಪ್ಪ ಕಂಪನಿ ದಂಡಿಗೆ ಕವಾಯತು ಕಲಿಸಿದ್ದು

ಕಿತ್ತೂರು ಕೋಟೆಯ ಬಯಲಿನಲ್ಲಿ 1824ರ ಯುದ್ಧದ ರೂಪಕ ಆಡೋಣ ಅಂತ ನಮ್ಮೂರ ಹುಡುಗರು ಸೇರಿದಾಗ, ಚೆನ್ನಮ್ಮನ ಕಡೆ ನಿಲ್ಲೋಕೆ ಮೂವತ್ತು ಕೈ ಎದ್ದವು. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿ ಆಗ್ತೀನಿ ಅಂದವ ಒಬ್ಬನೂ ಇಲ್ಲ. ಬೈಲಹೊಂಗಲ ಸೀಮೆಯಲ್ಲಿ ಹುಟ್ಟಿ ಕೆಂಪು ಕೋಟು ತೊಟ್ಟರೆ ಮನೆಯಲ್ಲಿ ಅವ್ವನೇ ಬೈತಾಳೆ. ಕೊನೆಗೆ ಚೀಟಿ ಎತ್ತಿ ಹನ್ನೆರಡು ಮಂದಿಯನ್ನು ಆ ಕಡೆ ತಳ್ಳಿದೆವು. ಅವರಿಗೆ ಬಂದೂಕು ಮಾಡಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲನೆಯದನ್ನು ಮೂರಡಿ ಉದ್ದ ಮಾಡಿ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಕೈಗಿಟ್ಟೆ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಮೊಣಕಾಲು ನೋವಿಂದ ಈಗ ಮನೆ ಬಿಟ್ಟು ಕದಲೋದೇ ಕಡಿಮೆ. ತಿರುಗಿಸಿ ನೋಡಿ, "ಇದರಲೆ ಗುಬ್ಬಿ ಹೊಡಿತಿಯೇನಲೇ?" ಅಂದರು.

ಎಲ್ಲ ಬಿಚ್ಚಿ ಮತ್ತೆ ಶುರು ಮಾಡಿದೆ. ಕಂಪನಿ ಸೈನ್ಯದ ಬಂದೂಕು ಹತ್ತಿರಹತ್ತಿರ ನಾಲ್ಕೂವರೆ ಅಡಿ ಉದ್ದ, ನಾಲ್ಕು ಕೆಜಿಗೂ ಮೇಲೆ ತೂಕ. ನಳಿಗೆಗೆ ಪಿವಿಸಿ ಪೈಪು ತಂದೆ. ಹಿಡಿಯನ್ನು ಬಡಿಗೇರರ ಹತ್ತಿರ ಬೇವಿನ ಹಲಗೆಯಲ್ಲಿ ಕೊರೆಸಿದೆ. ಹಗುರಾಗಿದ್ದರೆ ಹುಡುಗರು ಕೋಲಾಟದ ಕೋಲಿನಂತೆ ಬೀಸ್ತಾರೆ ಅಂತ ಮರದ ಹೊಟ್ಟೆಯೊಳಗೆ ಕಬ್ಬಿಣದ ಪಟ್ಟಿ ಕೂರಿಸಿದೆ. ಮದ್ದು ಜಡಿಯೋಕೆ ತೆಳ್ಳನೆ ಸಲಾಕೆ. ಅಪ್ಪ ಹೆಗಲಿಗೇರಿಸಿ ನೋಡಿದರು. ಏನೂ ಅನ್ನಲಿಲ್ಲ, ಒಳಗೆ ಇಟ್ಟು ಬಂದರು. ಪಾಸಾದೆ ಅಂದುಕೊಂಡೆ.

ತಾಲೀಮಿನ ದಿನ ಅಪ್ಪ ಶಾಲೆ ಮೈದಾನಕ್ಕೆ ಬಂದು ಕುರ್ಚಿ ಹಾಕಿಸಿಕೊಂಡರು. ಹುಡುಗರು ಸಿನಿಮಾದಂತೆ ಢಂ ಢಂ ಅಂತ ಬಿಡುವಿಲ್ಲದೆ ಹೊಡೆಯುತ್ತಿದ್ದರು.

"ನಿಂದರ್ರಿ! ಒಂದ್ ಸಲ ಹೊಡದ ಮ್ಯಾಲ ನಿನ್ನ ಕೈಯಾಗಿಂದು ಬಂದೂಕಲ್ಲ, ಬಡಿಗಿ. ಮತ್ತ ತುಂಬು."

ಕಾಗದದ ತೋಟಾ ಹಲ್ಲಿಂದ ಹರಿಯೋದು, ಚಕಮಕಿಯ ಕೆಳಗಿನ ಬಟ್ಟಲಿಗೆ ಚಿಟಿಕೆ ಮದ್ದು, ಉಳಿದದ್ದು ನಳಿಗೆಯ ಬಾಯಿಗೆ, ಹಿಂದೆಯೇ ಗುಂಡು ಮತ್ತು ಕಾಗದ, ಸಲಾಕೆಯಿಂದ ಜಡಿಯೋದು, ಆಮೇಲೆ ಗುರಿ. ಮದ್ದಿನ ಬದಲು ರಂಗೋಲಿ ಪುಡಿ ಕೊಟ್ಟಿದ್ದೆ. ಅದನ್ನು ಹಲ್ಲಿಂದ ಹರಿದವರೆಲ್ಲ ಉಗುಳಿದ್ದೇ ಉಗುಳಿದ್ದು, ಮರುದಿನ ಅಕ್ಕಿಹಿಟ್ಟಿಗೆ ಬದಲಾಯಿಸಿದೆ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ. ನಮ್ಮವರಿಗೆ ಒಂದಕ್ಕೇ ನಲವತ್ತು ಸೆಕೆಂಡು.

ಆ ನಲವತ್ತು ಸೆಕೆಂಡಿನಿಂದ ನಮ್ಮ ಆಟದ ನಕ್ಷೆಯೇ ಬದಲಾಯಿತು. ಮೊದಲು ಎರಡೂ ಕಡೆಯವರು ಸುಮ್ಮನೆ ಕೂಗಾಡ್ತಿದ್ದರು. ಈಗ ಕಂಪನಿಯವರು ತಲೆ ಬಗ್ಗಿಸಿ ತುಂಬುತ್ತಿರುವಾಗಲೇ ಬಾಗಿಲು ತೆರೆದು ಕಿತ್ತೂರಿನವರು ಮೇಲೆ ಬೀಳಬೇಕು ಅಂತ ಇಟ್ಟೆವು.

ಚಹಾ ಕುಡಿಯುವಾಗ ಒಬ್ಬ ಕೇಳಿದ, "ಅಜ್ಜಾ, ನೀವು ಮಿಲಿಟ್ರಿಯವ್ರು. ಕಂಪನಿ ಕಡಿಯವ್ರಿಗಿ ಯಾಕ ಕಲಸಾಕತ್ತೀರಿ?"

"ನಮ್ಮ ರೆಜಿಮೆಂಟ್ ಹುಟ್ಟಿದ್ದು 1768ರಾಗ, ಮುಂಬೈ ಸಿಪಾಯಿ ಪಲ್ಟನ್ ಅಂತ. ಆಗ ಪಗಾರ ಯಾರ್ ಕೊಡತಿದ್ರು? ಕಂಪನಿನ. ಕೆಂಪ ಕೋಟಿನೊಳಗ ಇದ್ದವ್ರೂ ನಮ್ಮಂಥವ್ರ ಮಕ್ಕಳ, ತಮ್ಮಾ." ಆಮೇಲೆ ಆ ಹನ್ನೆರಡು ಹುಡುಗರು ಗೊಣಗಿದ್ದು ನಾನು ಕೇಳಲಿಲ್ಲ.

ಅಕ್ಟೋಬರ್ 23ಕ್ಕೆ ಟೆಂಪೊ ಮಾಡಿಕೊಂಡು ಕಿತ್ತೂರಿಗೆ ಹೋದೆವು. ಉತ್ಸವದ ಜನಜಂಗುಳಿ, ಝಾಂಜ್ ಮೇಳದ ಸದ್ದು. ಆಟಕ್ಕೆ ಮುಂಚೆ ಅಪ್ಪನ ಕೈ ಹಿಡಿದು ಹಾಳು ಅರಮನೆಯ ಸುತ್ತ ನಿಧಾನ ನಡೆಸಿದೆ. ಧ್ರುವ ನಕ್ಷತ್ರ ನೋಡುವ ಕಿಂಡಿಯಲ್ಲಿ ಹಗಲಲ್ಲೇ ಕಣ್ಣಿಟ್ಟರು.

ರೂಪಕದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಆದವ ಬಾಡಿಗೆ ಕುದುರೆ ಏರಿ ಬಂದ. ಹಲಗೆ ಸದ್ದಿಗೆ ಅದು ಹಿಮ್ಮುಖವಾಗಿ ನಡೆಯಿತು, ಜನ ಸಿಳ್ಳೆ ಹೊಡೆದರು. ಸಾಲಿನ ಕೊನೆಯ ಸಿಪಾಯಿಯ ಪೈಪು ಕಳಚಿ ದೂರ ಉರುಳಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಆ ಹುಡುಗ ಬರೀ ಮರದ ತುಂಡಿಗೇ ಅಕ್ಕಿಹಿಟ್ಟು ಹಾಕಿ, ಗಾಳಿಯಲ್ಲೇ ಸಲಾಕೆ ಜಡಿದು, ಗುರಿ ಹಿಡಿದಿದ್ದ. ಚೆನ್ನಮ್ಮನ ಕಡೆಯ ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದಾಗ ಇಡೀ ಬಯಲು ಎದ್ದು ನಿಂತು ಕೂಗಿತು. ಅಪ್ಪ ಮಾತ್ರ ನನ್ನ ತೋಳು ಹಿಡಿದು, "ಆ ಕಡೀ ಹುಡುಗ ಯಾರ ಮಗಲೇ?" ಅಂತ ಕೇಳುತ್ತಿದ್ದರು.

ನಮ್ಮ ರೂಪಕ ಗೆಲುವಿಗೆ ಮುಗಿಯಿತು. ಅದೇ ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿದದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ನಮ್ಮ ಆಟದಲ್ಲಿ ಇರಲಿಲ್ಲ. "ಡಿಸೆಂಬರ್ ಯಾವಾಗ ಆಡ್ತೀರಿ?" ಅಂದರು ಅಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊತ್ತು ಮುಳುಗಿತ್ತು. ಟೆಂಪೊ ಹತ್ತಿರ ಅಪ್ಪ ಬಂದೂಕು ಎಣಿಸಿದರು. ಹನ್ನೊಂದು. ಪಿವಿಸಿ ಪೈಪು ತಾನೇ, ಹೋಗ್ಲಿ ಬಿಡಪ್ಪಾ ಅಂದೆ. ಕಣ್ಣು ಕೆಂಪಗೆ ಮಾಡಿದರು. ಅರ್ಧ ತಾಸು ಬ್ಯಾಟರಿ ಹಿಡಿದು ಹುಡುಕಿದೆವು. ವೇದಿಕೆಯ ಹಿಂದೆ ಯಾರದೋ ಮನೆಯ ಪುಟ್ಟ ಹುಡುಗಿ ತನಗಿಂತ ಉದ್ದದ ಬಂದೂಕನ್ನು ಎಳೆದಾಡುತ್ತ ಕಾವಲು ನಿಂತಿದ್ದಳು. ಅಪ್ಪ ಮೊಣಕಾಲು ಹಿಡಿದುಕೊಂಡು ಬಗ್ಗಿ, ಅವಳಿಗೊಂದು ಸಲ್ಯೂಟ್ ಹೊಡೆದು ಈಸಿಕೊಂಡರು.

"ಹನ್ನೆರಡು. ಇನ್ನ ಗಾಡಿ ಬಿಡ್ರಿ."