ತೋಡಿನ ಲೆಕ್ಕ ನವೆಂಬರಿನಿಂದ

ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಹೆಕ್ಟೇರಿಗೆ 4 ಕೋಟಿ ಲೀಟರ್ ಆಯಿತು. ತೋಡಿನ (ಸಣ್ಣ ಹಳ್ಳದ) ಜಲಾನಯನ ಯೋಜನೆ ಬರೆಯಲು ಕುಳಿತಾಗ ನಾವು ಮೊದಲು ಬದಿಗಿಟ್ಟದ್ದು ಈ ಅಂಕಿಯನ್ನೇ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಬಿದ್ದ ಹಾಗೆಯೇ ಕಡಲು ಸೇರುತ್ತದೆ. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವ ಮನೆಗೆ ಜುಲೈಯ ಲೆಕ್ಕ ಯಾಕೆ? ನಮ್ಮ ಪಟ್ಟಿ ನವೆಂಬರ್ 1ಕ್ಕೆ ಶುರು, ಮೇ 31ಕ್ಕೆ ಮುಕ್ತಾಯ. ತೋಡಿನಲ್ಲಿ ಸೆಕೆಂಡಿಗೆ ಎಷ್ಟು ಲೀಟರ್, ಬಾವಿಯಲ್ಲಿ ಎಷ್ಟು ಅಡಿ, ಪಂಪು ಎತ್ತುವುದೆಷ್ಟು, ಇಷ್ಟೇ ಅಂಕಣ.

ಮಳೆಗಾಲದಲ್ಲಿ ಮಾಡಲೇಬೇಕಾದ ಕೆಲಸ ಜಲಾನಯನದ ಗಡಿ ಗುರುತಿಸುವುದು. 1:50,000 ಭೂಪಟದಲ್ಲಿ ಎತ್ತರದ ರೇಖೆಗಳ ನಡುವೆ 20 ಮೀ. ಅಂತರ, ನಮ್ಮ ಎಷ್ಟೋ ಗುಡ್ಡಗಳು ಎರಡು ರೇಖೆಗಳ ಒಳಗೇ ಮುಗಿದುಹೋಗುತ್ತವೆ. ಉಪಗ್ರಹದ 30 ಮೀ. ದತ್ತಾಂಶ ತೋಟದ ತಲೆಯನ್ನೇ ನೆಲವೆಂದು ಓದುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶಕ್ಕೆ ಹಾಕಿ ಕರಡು ಗೆರೆ ತೆಗೆಯಿರಿ, ಆಮೇಲೆ ಜಡಿಮಳೆಯಲ್ಲಿ ಕೊಡೆ ಹಿಡಿದು ಅದೇ ಗೆರೆಯಲ್ಲಿ ನಡೆದು ತಿದ್ದಿ. ರಸ್ತೆಯ ಚರಂಡಿ ಒಂದು ತೋಡಿನ ನೀರನ್ನು ಇನ್ನೊಂದಕ್ಕೆ ದಾಟಿಸುವುದು ಹೀಗೆ ನಡೆದಾಗ ಮಾತ್ರ ಕಾಣುತ್ತದೆ.

ಹರಿವು ಅಳೆಯಲು ತಗಡಿನ ಹಲಗೆಯೊಂದು ಸಾಕು. ನಡುವೆ ಸರಿಯಾಗಿ 90 ಡಿಗ್ರಿಯ ‘ವಿ’ ಆಕಾರದ ಕಚ್ಚು ಕತ್ತರಿಸಿ, ತೋಡಿಗೆ ಅಡ್ಡ ನಿಲ್ಲಿಸಿ, ಅಡಿ ಮತ್ತು ಬದಿಗೆ ಜೇಡಿಮಣ್ಣು ಮೆತ್ತಬೇಕು. ನೀರು ಕಚ್ಚಿನಿಂದ ಆಚೆಗೆ ಧುಮುಕಬೇಕು. ಆಚೆಯ ನೀರು ಕಚ್ಚಿನ ಮಟ್ಟಕ್ಕೆ ಬಂದರೆ ಅಳತೆ ಸುಳ್ಳು. ಎತ್ತರವನ್ನು ಕಚ್ಚಿನ ಬಾಯಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿರುತ್ತದೆ. ನೀರು ಬರುವ ಕಡೆ ಒಂದು ಮೀಟರ್ ದೂರದಲ್ಲಿ ಗೂಟ ನೆಟ್ಟು, ಕಚ್ಚಿನ ತಳಕ್ಕೆ ಸಮನಾದ ಗುರುತಿನಿಂದ ಅಳೆಯಬೇಕು. ಮೀಟರಿನಲ್ಲಿ ಬಂದ ಎತ್ತರದ 2.5ನೇ ಘಾತವನ್ನು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಸಿಗುತ್ತದೆ. 20 ಸೆಂ.ಮೀ. ಇದ್ದರೆ ಸುಮಾರು 25 ಲೀಟರ್, 10 ಸೆಂ.ಮೀ.ಗೆ 4.4 ಲೀಟರ್, 5 ಸೆಂ.ಮೀ.ಗೆ 0.8 ಲೀಟರ್ ಕೂಡ ಇಲ್ಲ. ಎತ್ತರ ಅರ್ಧವಾದರೆ ನೀರು ಆರರಲ್ಲೊಂದು ಪಾಲಿನಷ್ಟಾಗುತ್ತದೆ. ಕಚ್ಚಿಗೆ ಒಂದು ಒಣಗಿದ ಅಡಿಕೆ ಸೋಗೆ ಸಿಕ್ಕಿಕೊಂಡರೂ ಲೆಕ್ಕ ಕೆಡುತ್ತದೆ, ಓದುವ ಮೊದಲು ತೆಗೆದು ಹತ್ತು ನಿಮಿಷ ಕಾಯಬೇಕು.

ಈ ಅಂಕಿಗಳು ಕೈಗೆ ಬಂದಮೇಲೆ ಕಟ್ಟದ (ತೋಡಿನ ಅಡ್ಡಗಟ್ಟೆಯ) ವಿಚಾರವೇ ಬದಲಾಗುತ್ತದೆ. 8 ಮೀ. ಅಗಲದ ತೋಡಿಗೆ ಒಂದೂವರೆ ಮೀಟರ್ ಎತ್ತರದ ಕಿಂಡಿ ಅಣೆಕಟ್ಟು (ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಟ್ಟ), ನೀರು 400 ಮೀ. ಹಿಂದಕ್ಕೆ ನಿಲ್ಲುತ್ತದೆ ಎನ್ನೋಣ. ನಿಂತ ನೀರು ಬೆಣೆಯ ಆಕಾರದ್ದು, ಹಾಗಾಗಿ ಅರ್ಧ ಮಾಡಬೇಕು: 24 ಲಕ್ಷ ಲೀಟರ್. ಹರಿವು 25 ಲೀಟರ್ ಇರುವಾಗ ಹಲಗೆ ಇಳಿಸಿದರೆ 27 ಗಂಟೆಯಲ್ಲಿ ತುಂಬುತ್ತದೆ. 4.4ಕ್ಕೆ ಇಳಿದಮೇಲೆ ಆರು ದಿನಕ್ಕೂ ಹೆಚ್ಚು ಬೇಕು, ಅದೂ ಹಲಗೆ ಸೋರದಿದ್ದರೆ. ಸೆಕೆಂಡಿಗೆ ನಾಲ್ಕು ಲೀಟರ್ ಸೋರಿಕೆ ಅಂಥ ದೊಡ್ಡದೇನೂ ಅಲ್ಲ. ಅಷ್ಟಾದರೆ ಆ ಕಟ್ಟ ತುಂಬುವುದೇ ಇಲ್ಲ. ಅಣೆಕಟ್ಟುಗಳ ಸಂಖ್ಯೆ ಎಣಿಸುವ ಯೋಜನೆಗಳ ಮೇಲೆ ನನಗೆ ನಂಬಿಕೆ ಇಲ್ಲದ್ದು ಇದಕ್ಕೇ. ಹಲಗೆ ಇಳಿಸುವ ತಾರೀಕು ಯಾರ ಕೈಯಲ್ಲಿದೆ ಎಂದು ಕಡತದಲ್ಲಿ ಬರೆದಿರಬೇಕು.

ತಾರೀಕು ಪಂಚಾಂಗ ನೋಡಿ ಇಡುವುದಲ್ಲ. ದೀಪಾವಳಿ ಕಳೆದರೂ ಗುಡುಗಿನ ಮಳೆ ಬರುತ್ತದೆ, ಆಗ ಹಲಗೆ ಹಾಕಿದ್ದರೆ ಬೈಲಿನಲ್ಲಿ (ತಗ್ಗಿನ ಗದ್ದೆಯಲ್ಲಿ) ಕೊಯ್ಲಿಗೆ ಬಂದ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಮುಳುಗುತ್ತದೆ. ಬೈಲಿನ ಕೊಯ್ಲು ಮುಗಿದಿರಬೇಕು, ತಗಡಿನ ಕಚ್ಚಿನಲ್ಲಿ ನೀರು 20 ಸೆಂ.ಮೀ. ಹತ್ತಿರ ಬಂದಿರಬೇಕು, ಎರಡೂ ಕೂಡಿದ ವಾರ ಇಳಿಸುವುದು. ಒಂದೇ ತೋಡಿನಲ್ಲಿ ಹಲವು ಕಟ್ಟಗಳಿದ್ದರೆ ಎಲ್ಲಕ್ಕಿಂತ ಕೆಳಗಿನದು ಮೊದಲು. ಮೇಲಿನದನ್ನು ಮೊದಲು ಮುಚ್ಚಿದರೆ ಅದು ತುಂಬುವ ತನಕ ಕೆಳಗಿನವರಿಗೆ ತೊಟ್ಟೂ ಇಲ್ಲ, ಜಗಳ ಅಲ್ಲೇ. ಕೆಳಗಿನದು ಮೊದಲೇ ತುಂಬಿದ್ದರೆ ಅವರು ಕಾಯುತ್ತಾರೆ.

ಕಡಲ ಬದಿಯ ತೋಡಿನಲ್ಲಿ ಹಲಗೆ ಇಳಿಸಲು ತಡಮಾಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಹರಿವು ಕುಗ್ಗಿದ ಕೂಡಲೇ ಅಮಾವಾಸ್ಯೆ-ಹುಣ್ಣಿಮೆಯ ಭರತದಲ್ಲಿ (ಕಡಲ ಉಬ್ಬರದಲ್ಲಿ) ಉಪ್ಪು ನೀರು ಒಳಗೆ ನುಗ್ಗುತ್ತದೆ. ಭಾರದ ನೀರು, ತಳದಲ್ಲೇ ತೆವಳುತ್ತದೆ. ಮೇಲಿನ ನೀರು ಬಾಯಿಗೆ ಸಿಹಿಯಾಗಿದ್ದರೆ ಸಾಲದು. ಬಾಟಲಿಗೆ ಕಲ್ಲು ಕಟ್ಟಿ ತಳಕ್ಕೆ ಇಳಿಸಿ, ಅಲ್ಲಿ ಬಿರಡೆ ಎಳೆದು ನೀರು ತೆಗೆದು ಪರೀಕ್ಷಿಸಬೇಕು. ಕುಡಿಯುವ ನೀರಿಗೆ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ. ದಾಟಬಾರದು.

ಅಣೆಕಟ್ಟಿನಲ್ಲಿ ಹೆಚ್ಚಾಗಿ ಕೆಡುವುದು ಬದಿ. ರೆಕ್ಕೆಗೋಡೆ ದಂಡೆಯ ಗಟ್ಟಿ ಮಣ್ಣಿನೊಳಗೆ ಹೋಗಿರದಿದ್ದರೆ ನೀರು ಪಕ್ಕ ಕೊರೆದು, ಅಣೆಕಟ್ಟನ್ನು ಒಣಗಲು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಅಡಿಯ ಗೋಡೆ ಮುರಕಲ್ಲಿಗೋ (ಕೆಂಪುಕಲ್ಲಿಗೋ) ಬಂಡೆಗೋ ಕೂರಲೇಬೇಕು. ಎರಡು ಸಾಲು ಹಲಗೆಯ ನಡುವೆ ತುಂಬಲು ಜೇಡಿಮಣ್ಣೇ ಆಗಬೇಕು, ಗುಡ್ಡದ ಕೆಂಪು ಜಲ್ಲಿಮಣ್ಣು ನಿಲ್ಲುವುದಿಲ್ಲ.

ಇನ್ನು ಬೇಡಿಕೆ. ಅಡಿಕೆಗೆ ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಹಿಡಿದರೆ, 550 ಮರದ ಎಕರೆಗೆ 11,000 ಲೀಟರ್. 20 ಎಕರೆಗೆ ಆ 24 ಲಕ್ಷ ಲೀಟರ್ ಹನ್ನೊಂದು ದಿನ. ಸೆಕೆಂಡಿಗೆ ಎಂಟು ಲೀಟರ್ ಎತ್ತುವ ಹತ್ತು ಪಂಪುಗಳು ದಿನಕ್ಕೆ ನಾಲ್ಕು ಗಂಟೆ ಓಡಿದರೆ ಎರಡೇ ದಿನ. ಕಟ್ಟ ನಿಜವಾಗಿ ಉಪಕರಿಸುವುದು ಸುತ್ತಲಿನ ಬಾವಿಗಳ ಮಟ್ಟ ಹಿಡಿದು ನಿಲ್ಲಿಸಿ. ಹಾಗಾಗಿ ಪಂಪಿನ ಸರದಿ ಬರೆಯದ ಯೋಜನೆ ಅರ್ಧ ಯೋಜನೆ. ಮಂಗಳೂರಿಗೆ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಬೇಸಗೆಯಲ್ಲಿ ಅಲ್ಲಿ ಮಟ್ಟ ಇಳಿದಾಗ ಎಲ್ಲರ ಕಣ್ಣು ಮೊದಲು ಮೇಲಿನ ಕೃಷಿ ಪಂಪುಗಳ ಮೇಲೆ ಬೀಳುತ್ತದೆ. ಕೈಯಲ್ಲಿ ಲೆಕ್ಕ ಇದ್ದರೆ ಮಾತಾಡಲು ಆಧಾರವಿರುತ್ತದೆ.

ಗುಡ್ಡದ ಮೇಲೆ ಇಂಗುಗುಂಡಿ ತೆಗೆಯುವ ಉತ್ಸಾಹಕ್ಕೆ ಒಂದು ಎಚ್ಚರಿಕೆ. ಮುರಕಲ್ಲಿನ ಕೆಳಗೆ ಶೇಡಿಮಣ್ಣು, ನುಣುಪಾದ ಜೇಡಿಯಂಥ ಪದರ. ಇಂಗಿದ ನೀರು ಅದರ ಮೇಲೆ ನಿಂತು ಅಡ್ಡಕ್ಕೆ ಜಾರುತ್ತದೆ. ಒದ್ದೆಯಾದ ಶೇಡಿಗೆ ಬಲವಿಲ್ಲ. ಕೆಳಗೆ ಗುಡ್ಡ ಕಡಿದು ಮನೆ ಕಟ್ಟಿದ್ದರೆ ಅದರ ನೆತ್ತಿಯಲ್ಲಿ ಗುಂಡಿ ಬೇಡವೇ ಬೇಡ. ಅಲ್ಲಿ ನೀರನ್ನು ಚರಂಡಿಯಲ್ಲಿ ಬದಿಗೆ ಸಾಗಿಸಿ. ಹಳಬರು ಗುಡ್ಡದ ನಡುವಿನ ತಗ್ಗಿನಲ್ಲಿ ಮದಕ (ಮಳೆನೀರಿನ ಕೆರೆ) ಮಾಡಿಟ್ಟ ಕಡೆ ಹೂಳು ತೆಗೆಯುವುದು ಹೊಸ ಗುಂಡಿ ನೂರಕ್ಕಿಂತ ಮೇಲು, ಆದರೆ ತಳದ ಜೇಡಿ ಪದರಕ್ಕೆ ಜೆಸಿಬಿಯ ಹಲ್ಲು ತಾಗಬಾರದು. ನರೇಗಾದಲ್ಲಿ ಕೂಲಿ-ಸಾಮಗ್ರಿ ಖರ್ಚಿನ ಅನುಪಾತ 60:40 ಇತ್ತು; ಹೂಳು ತೆಗೆಯುವ ಕೆಲಸ ಅದರಲ್ಲಿ ಸುಲಭವಾಗಿ ಕೂರುತ್ತಿತ್ತು, ಕಾಂಕ್ರೀಟ್ ಅಣೆಕಟ್ಟು ಅಷ್ಟು ಸುಲಭವಾಗಿ ಕೂರುತ್ತಿರಲಿಲ್ಲ.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನ) ಹಲಗೆ ಮೇಲೆ ಬರಬೇಕು. ಮೊದಲು ನಡುವಿನ ಜೇಡಿಮಣ್ಣನ್ನು ಬುಟ್ಟಿಯಲ್ಲಿ ದಂಡೆಗೆ ಸಾಗಿಸಬೇಕು, ಇಲ್ಲದಿದ್ದರೆ ಅದೇ ಕೆಳಗಿನ ಕಟ್ಟದ ಹೂಳಾಗುತ್ತದೆ. ಪ್ರತಿ ಹಲಗೆಗೂ ಕಿಂಡಿಯ ಸಂಖ್ಯೆ ಮತ್ತು ಕೆಳಗಿನಿಂದ ಎಷ್ಟನೆಯದು ಎಂದು ಬಣ್ಣದಲ್ಲಿ ಬರೆದು, ತೊಳೆದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಅಡಕಿ ಇಡುವುದು. ಹಲಗೆ ಇಟ್ಟ ಕೊಠಡಿಯ ಬೀಗದ ಕೈ ಒಂದು ಪಂಚಾಯಿತಿಯಲ್ಲಿ, ಇನ್ನೊಂದು ತೋಡಿನ ಬದಿಯ ಮನೆಯಲ್ಲಿ.