ಸ್ಕೂಲ್ ಡೇ ವೇದಿಕೆಯಿಂದ ಸ್ವಂತ ಹಾಡಿನ ತನಕ

ಸ್ಕೂಲ್ ಡೇ, ಗಣೇಶನ ಪೆಂಡಾಲು, ನವೆಂಬರ್ ಪೂರ್ತಿ ರಾಜ್ಯೋತ್ಸವ ಅಂತ ಹಾಡಿಕೊಂಡೇ ಬೆಳೆದ ಮಕ್ಕಳು ನಮ್ಮಲ್ಲಿ ಊರೂರಿಗೂ ಇದ್ದಾರೆ. ಶೋಕೇಸಿನ ತುಂಬ ಭಾವಗೀತೆ ಸ್ಪರ್ಧೆಯ ಬಹುಮಾನ. ಪಿಯುಸಿ ಹೊತ್ತಿಗೆ ಅವರಲ್ಲಿ ಒಬ್ಬಿಬ್ಬರಿಗೆ "ನಂದೇ ಹಾಡು ಮಾಡಬೇಕು" ಅನ್ನಿಸಲು ಶುರುವಾಗುತ್ತದೆ. ಇದನ್ನು ಬರೆಯುತ್ತಿರುವುದು ಅವರಿಗೆ. ಅಪ್ಪ-ಅಮ್ಮಂದಿರೂ ಓದಿ.

ಮೊದಲು ಒಂದು ಮಾತು. ಇಲ್ಲಿಯವರೆಗೆ ಸಿಕ್ಕ ಚಪ್ಪಾಳೆಯಲ್ಲಿ ಅರ್ಧ ಆ ಹಾಡಿಗೇ ಸೇರಬೇಕು. ಜನಕ್ಕೆ ಆಗಲೇ ಬಾಯಿಪಾಠ ಇರುವ ಹಾಡು, ಹಾಡುತ್ತಿರುವುದು ಪುಟ್ಟ ಮಗು, ಖುಷಿಪಡದೇ ಇರುತ್ತಾರಾ? ಸ್ವಂತ ಹಾಡಿಗೆ ಈ ಅನುಕೂಲ ಇರಲ್ಲ. ಆದರೆ ಅಷ್ಟು ವರ್ಷ ವೇದಿಕೆ ಹತ್ತಿದ್ದರಿಂದ ಬಂದ ಕಿವಿ, ಉಸಿರಿನ ಹಿಡಿತ, ಮೈಕ್ ಮುಂದೆ ನಿಲ್ಲುವ ಧೈರ್ಯ ಎಲ್ಲೂ ಹೋಗಲ್ಲ.

ದನಿ ಒಡೆಯುವ ವಯಸ್ಸಿನ ಬಗ್ಗೆ ಜಾಸ್ತಿ ಹೇಳಬೇಕು, ಎಷ್ಟೋ ಹುಡುಗರು ಹಾಡು ಬಿಡೋದು ಅಲ್ಲೇ. ಹನ್ನೆರಡರಿಂದ ಹದಿನೈದರ ನಡುವೆ, ಐದೂವರೆ ಮನೆ ಶ್ರುತಿಯಲ್ಲಿ (ಹಾರ್ಮೋನಿಯಂ ಮನೆಯ ಲೆಕ್ಕ, ಅಂಕಿ ಹೆಚ್ಚಿದಷ್ಟೂ ದನಿ ಎತ್ತರ) ಆರಾಮಾಗಿ ಹಾಡುತ್ತಿದ್ದವನ ದನಿ ಇದ್ದಕ್ಕಿದ್ದಂತೆ ಕೀರಲಾಗಿ, ಕೆಲವು ತಿಂಗಳಲ್ಲಿ ಒಂದೂವರೆ ಮನೆಗೆ ಬಂದು ನಿಲ್ಲುತ್ತದೆ. ಸ್ಪರ್ಧೆ ಇದೆ ಅಂತ ಹಳೇ ಶ್ರುತಿಯಲ್ಲೇ ಹಾಡಿಸಬೇಡಿ. ಶ್ರುತಿ ಇಳಿಸಿ, ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಮೆಲ್ಲಗೆ ಸಾಧನೆ ಮಾಡಿ. ಗಂಟಲು ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಹುಡುಗಿಯರ ದನಿಯೂ ಬದಲಾಗುತ್ತದೆ, ಸ್ವಲ್ಪ ಮೆತ್ತಗೆ ಅಷ್ಟೇ. ಹಾರ್ಮೋನಿಯಂ, ಕೀಬೋರ್ಡ್, ಗಿಟಾರ್ ಯಾವುದಾದರೂ ಒಂದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲ್ಲ. ತಡವಾಯಿತು ಅಂತ ಹೆದರಬೇಡಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಚಿಕ್ಕವರಿದ್ದಾಗ ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಆಮೇಲೆ, ಅದೂ ತಾವೇ ಕಲಿತು. ಅವರ ಮೊದಲ ಆಲ್ಬಂ ಬಂದ 2008ರಲ್ಲಿ ವಯಸ್ಸು ಮೂವತ್ತು ದಾಟಿತ್ತು.

ಈಗ ಬರೆಯುವ ವಿಷಯ. ಒಲವು, ಕಂಬನಿ, ಚಂದಿರ ಅಂತ ಹೊರಡಬೇಡಿ. ದಿನಾ ಕಣ್ಣಿಗೆ ಬೀಳುವ ಏನಾದರೊಂದನ್ನು ಹಿಡಿದು ಒಂದೇ ಸಾಲು ಬರೆಯಿರಿ. "ಕೊನೆಯ ಬಸ್ಸು ಹೋದ ಮೇಲೆ ಊರು ಬೇರೆ" ಅಂತಿಟ್ಟುಕೊಳ್ಳಿ. ಇದನ್ನು ತಾಳ ಹಾಕುತ್ತಾ ಹೇಳಿ ನೋಡಿ. ಕೊನೆಯ, ಬಸ್ಸು, ಹೋದ, ಮೇಲೆ, ಊರು, ಬೇರೆ: ಒಂದೊಂದು ಪದಕ್ಕೂ ಮೂರು ಮಾತ್ರೆ. ಮೂರು-ಮೂರರಂತೆ ಆರು ಮಾತ್ರೆಯ ದಾದರಾ ತಾಳದಲ್ಲಿ ತಾನಾಗಿ ಕೂರುತ್ತದೆ. ಈಗ "ಕೊನೆಯ ಬಸ್ ಹೊರಟ ಮೇಲೆ" ಅಂತ ಮಾಡಿ. ಅರ್ಥ ಅದೇ, ಆದರೆ "ಬಸ್" ಎರಡೇ ಮಾತ್ರೆ, ನಡೆ ಅಲ್ಲಿ ಕುಂಟುತ್ತದೆ. ಕುಂಟಿದ ಜಾಗ ತುಂಬಲು ಹಾಡುವವರು ಅಕ್ಷರ ಎಳೆಯುತ್ತಾರೆ, ಹಾಗೆ ಎಳೆದೂ ಎಳೆದೂ "ಬಳೆ" ಹೋಗಿ "ಬಾಳೆ" ಆಗುವುದನ್ನು ನಾವು ಎಷ್ಟೋ ಹಾಡಿನಲ್ಲಿ ಕೇಳಿದ್ದೇವೆ. ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ನೆನಪಿದೆ ಅಲ್ವಾ? ಅದು ಕೆಲಸಕ್ಕೆ ಬರುವುದು ಇಲ್ಲಿ.

ಮಟ್ಟು ಮೊದಲೋ ಸಾಹಿತ್ಯ ಮೊದಲೋ? ಎರಡೂ ಮಾಡಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇವರೆಲ್ಲ ಕವಿತೆ ಎದುರಿಗಿಟ್ಟುಕೊಂಡು ರಾಗ ಹಾಕಿದವರು. ಸಿನಿಮಾದಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಆಮೇಲೆ ಪದ. ಫೋನಿನಲ್ಲಿ ತನನ ಅಂತ ಗುನುಗಿ ಇಟ್ಟುಕೊಳ್ಳಿ, ಅಳಿಸಬೇಡಿ.

ಶುರುವಿಗೆ ಕವಿತೆಗೆ ರಾಗ ಹಾಕುವುದು ಒಳ್ಳೆಯ ಅಭ್ಯಾಸ. ಮನೆಯಲ್ಲಿ ಯಾರದ್ದಕ್ಕಾದರೂ ಹಾಕಿ. ಬಿಡುಗಡೆ ಮಾಡುವಾಗ ಮಾತ್ರ ಹುಷಾರು. ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರ ಬಳಿ ಅಥವಾ ಹಕ್ಕು ಪಡೆದವರ ಬಳಿ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವ ತನಕ ಅನುಮತಿ ಬೇಕು. ಶಿಶುನಾಳ ಶರೀಫರ ಪದ, ವಚನ, ದಾಸರ ಪದಗಳಿಗೆ ಈ ತೊಡಕಿಲ್ಲ. ಆದರೆ ಈಗಿನವರು ಅದಕ್ಕೆ ಹಾಕಿದ ರಾಗ ಅವರದ್ದು, ನೀವು ನಿಮ್ಮ ರಾಗ ಹಾಕಿ.

ಸ್ವಂತ ಹಾಡನ್ನು ಎಲ್ಲಿ ಹಾಡೋದು? ಬೆಂಗಳೂರಿನಲ್ಲಿ ಓಪನ್ ಮೈಕ್, ಅಂದರೆ ಹೊಸಬರೂ ಹೆಸರು ಕೊಟ್ಟು ಹಾಡಬಹುದಾದ ವೇದಿಕೆ, ಸಿಗುತ್ತದೆ. ಬೇರೆ ಊರಲ್ಲಿ ಆರ್ಕೆಸ್ಟ್ರಾ ಪಟ್ಟಿಯ ಮಧ್ಯೆ, ಎರಡು ಗೊತ್ತಿರುವ ಹಾಡಿನ ನಡುವೆ, ಒಂದನ್ನು ಸೇರಿಸಿ. ಇದು ನಂದೇ ಹಾಡು ಅಂತ ಒಂದು ಸಾಲಿನಲ್ಲಿ ಹೇಳಿ, ಕಥೆ ಹೇಳುತ್ತಾ ನಿಲ್ಲಬೇಡಿ. ಜನ ಎಲ್ಲಿ ಬೇಜಾರಾಗಿ ಫೋನ್ ನೋಡಲು ಶುರು ಮಾಡಿದರು ಅಂತ ಗಮನಿಸಿ, ಸಾಮಾನ್ಯವಾಗಿ ಎರಡನೇ ಚರಣ ತಿದ್ದಬೇಕಿರುತ್ತದೆ. ಹತ್ತಿರದ ಆಕಾಶವಾಣಿ ಕೇಂದ್ರದಲ್ಲಿ ಸುಗಮ ಸಂಗೀತದ ಆಡಿಷನ್ ಯಾವಾಗ ಅಂತ ಕೇಳಿಕೊಳ್ಳಿ. ಗ್ರೇಡ್ ಸಿಕ್ಕರೆ ಕಾರ್ಯಕ್ರಮಕ್ಕೆ ಕರೆಯುವವರೂ ಅದಕ್ಕೆ ಬೆಲೆ ಕೊಡುತ್ತಾರೆ.

ಟಿವಿ ರಿಯಾಲಿಟಿ ಶೋಗೂ ಹೋಗಿ, ತಪ್ಪೇನಿಲ್ಲ. ಆದರೆ 14 ತುಂಬದ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗಳಿಕೆಯಲ್ಲಿ ಶೇ. 20ರಷ್ಟಾದರೂ ಮಗುವಿನ ಹೆಸರಿನಲ್ಲಿ ಎಫ್‌ಡಿ ಆಗಬೇಕು ಅಂತ ಕೇಂದ್ರದ ಬಾಲಕಾರ್ಮಿಕ ನಿಯಮ ಹೇಳುತ್ತದೆ. ಮನೆಯವರು ಇದನ್ನು ಬಾಯಿಬಿಟ್ಟು ಕೇಳಬೇಕು. ಕರಾರು ಕೈಗೆ ಬಂದರೆ ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ಎಷ್ಟು ವರ್ಷ ಅಂತ ಬರೆಯದೆ ಹಾಡಿನ ಹಕ್ಕು ಬರೆದುಕೊಟ್ಟಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. 2012ರ ತಿದ್ದುಪಡಿ ಆದಮೇಲೆ, ಬರೆದವರ ಮತ್ತು ರಾಗ ಹಾಕಿದವರ ರಾಯಲ್ಟಿ (ಹಾಡು ಬಳಸಿದಾಗ ಸಿಗುವ ಪಾಲು) ಹಕ್ಕನ್ನು ಕಂಪನಿ ಬರೆಸಿಕೊಂಡರೂ ಆ ಕರಾರು ಕಾನೂನಿನ ಮುಂದೆ ನಿಲ್ಲಲ್ಲ.

ರೆಕಾರ್ಡಿಂಗಿಗೆ ಸಾಲ ಮಾಡಬೇಡಿ. ಹಾಸಿಗೆ, ಬಟ್ಟೆ ತುಂಬಿರುವ ಕೋಣೆ, ಒಂದು ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್ ಇದ್ದರೆ ಮೊದಲ ಹಾಡಿಗೆ ಸಾಕು, ಮಿಕ್ಸಿಂಗ್ ಮಾತ್ರ ಗೊತ್ತಿರುವವರ ಕೈಗೆ ಕೊಡಿ. ಅಪ್‌ಲೋಡ್ ಮಾಡುವಾಗ ಸಾಹಿತ್ಯ, ಸಂಗೀತ, ಗಾಯನ ಯಾರದ್ದು ಅಂತ ಪ್ರತಿ ಸಲ ಒಂದೇ ಸ್ಪೆಲ್ಲಿಂಗಿನಲ್ಲಿ ತುಂಬಿ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರು ಕೊಡುವ ಐಎಸ್‌ಆರ್‌ಸಿ ನಂಬರ್ (ಒಂದೊಂದು ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಬರೆದವರಾಗಿ, ರಾಗ ಹಾಕಿದವರಾಗಿ, ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಸುಮ್ನೆ ಫಾರ್ಮು ಅಂದುಕೊಳ್ಳಬೇಡಿ, ಹಾಡು ರೇಡಿಯೋದಲ್ಲೋ ಹೋಟೆಲಿನಲ್ಲೋ ಮೊಳಗಿದರೆ ದುಡ್ಡು ಬರುವ ದಾರಿ ಅದು.

ಆ ದುಡ್ಡಿನಲ್ಲಿ ಮನೆ ನಡೆಯಲು ವರ್ಷಗಳೇ ಹಿಡಿಯಬಹುದು. ಅಲ್ಲಿಯ ತನಕ ಮದುವೆ ರಿಸೆಪ್ಷನ್‌ನಲ್ಲಿ ಹಾಡುವುದು, ಟ್ರ್ಯಾಕ್ ಹಾಡುವುದು (ಮುಖ್ಯ ಗಾಯಕರಿಗೆ ಮಾದರಿಯಾಗಿ ಮೊದಲು ಹಾಡಿಕೊಡುವುದು), ಜಾಹೀರಾತಿನ ಜಿಂಗಲ್, ಮಕ್ಕಳಿಗೆ ಪಾಠ ಎಲ್ಲವೂ ಸಂಗೀತದ ಕೆಲಸವೇ, ಮಾಡಿ. ಒಪ್ಪಿಕೊಳ್ಳುವಾಗ ಅರ್ಧ ಅಡ್ವಾನ್ಸ್ ಕೇಳಿ. ಪ್ರಯಾಣ, ಊಟ, ಸೌಂಡ್ ಯಾರದ್ದು ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಪಟ್ಟಿಯಲ್ಲಿ ಎರಡು ಸ್ವಂತ ಹಾಡು ಇರುತ್ತವೆ ಅಂತ ಅದೇ ಮೆಸೇಜಿನಲ್ಲಿ ತಿಳಿಸಿಬಿಡಿ.